ಸಂತೆಯಲ್ಲಿ ಮಾತ್ರ ಹಿಡಿಯುವ ಕೈ

ರಾಜಣ್ಣನವರನ್ನು ನಾನು ಮೊದಲು ಕಂಡದ್ದು ೧೯೯೧ರ ಜುಲೈ ತಿಂಗಳಿನ ಒಂದು ಬೆಳಗ್ಗೆ, ಚಾಮರಾಜನಗರದ ನಮ್ಮ ಕಾಲೇಜಿನ ಮಹಡಿ ಮೆಟ್ಟಿಲಿನ ಬಳಿ. ಗಂಟೆ ಹೊಡೆದಾಗಿತ್ತು. ತೆಳ್ಳಗಿನ ಯುವಕನೊಬ್ಬ ಪುಸ್ತಕವನ್ನು ಎದೆಗವಚಿಕೊಂಡು ಗೋಡೆಗೊರಗಿ ನಿಂತಿದ್ದ. ವಿದ್ಯಾರ್ಥಿಯೆಂದು ತಿಳಿದು ಗದರಿದೆ.

"ಏನಪ್ಪಾ, ಗಂಟೆ ಕೇಳಿಸ್ಲಿಲ್ವಾ? ಹೋಗು ಕ್ಲಾಸಿಗೆ."

"ಹೋಗ್ತೀನಿ ಸಾರ್. ಒಳಗೆ ಹೋದ್ಮೇಲೆ ಎಲ್ಲಿ ಕೂರೋದು ಅಂತ ಯೋಚಿಸ್ತಿದ್ದೆ. ಮೇಷ್ಟ್ರ ಕುರ್ಚೀಲಿ ಇದುವರೆಗೂ ಕೂತಿಲ್ಲ."

ನಾಚಿಕೆಯಾಗಿ ನಕ್ಕುಬಿಟ್ಟೆ. ಆ ವರ್ಷ ನಮ್ಮಲ್ಲಿ ಬಿ.ಬಿ.ಎಂ. ತರಗತಿ ಹೊಸದಾಗಿ ಆರಂಭವಾಗಿತ್ತು. ಅದರ ಹುಡುಗರಿಗೆ ವ್ಯಾಪಾರ ಕಾನೂನು ಹೇಳಿಕೊಡಲು ಬಂದವರು ಇವರು. ಎಂ.ಕಾಂ. ಮುಗಿಸಿ, ಸಂಜೆ ಕಾಲೇಜಿನಲ್ಲಿ ಕಾನೂನು ಓದಿದವರು. ಊರು ಉಮ್ಮತ್ತೂರು. ನಾನು ಕನ್ನಡದ ಮೇಷ್ಟ್ರು. ನನ್ನ ಪಾಠದ ಕೊಠಡಿಗೂ ಅವರದಕ್ಕೂ ನಡುವೆ ಒಂದು ಹಲಗೆಯ ಅಡ್ಡಗೋಡೆ ಮಾತ್ರ ಇದ್ದುದರಿಂದ ಅವರ ಪಾಠವನ್ನು ನಾನೂ ಎಷ್ಟೋ ಸಲ ಕೇಳಿದ್ದೇನೆ.

ಪುಸ್ತಕವೆಲ್ಲ ಇಂಗ್ಲಿಷು. ಹುಡುಗರಲ್ಲಿ ಹೆಚ್ಚಿನವರು ಕನ್ನಡದಲ್ಲಿ ಓದಿ ಬಂದವರು, ಜವಳಿ ಅಂಗಡಿಯವರ, ಅರಿಶಿನ ಬೆಳೆಯುವವರ ಮಕ್ಕಳು. 'ಎ ಎಂಬುವನು ಬಿ ಎಂಬುವನಿಗೆ ತನ್ನ ಕುದುರೆಯನ್ನು ಮಾರಲು ಒಪ್ಪುತ್ತಾನೆ' ಎಂಬ ಉದಾಹರಣೆ ಬಂದಿತು.

"ಕುದುರೆ ನೋಡಿರೋರು ಯಾರಿದ್ದೀರಪ್ಪಾ?" ಎಂದರು ರಾಜಣ್ಣ.

"ನಾ ನೋಡಿವ್ನಿ ಸಾರ್, ಮದ್ವೆ ಮೆರವಣಿಗೇಲಿ. ಆದ್ರೆ ಮಾರಾಕಾಗಕಿಲ್ಲ."

"ಯಾಕೆ?"

"ಬಾಡ್ಗೇದು ಸಾರ್!"

ತರಗತಿಯೆಲ್ಲ ಘೊಳ್ಳೆಂದಿತು. "ಸರಿಯಾಗಿ ಹೇಳ್ದೆ. ತನ್ನದಲ್ಲದ್ದನ್ನ ಯಾರೂ ಮಾರೋ ಹಾಗಿಲ್ಲ. ಇವತ್ತಿನ ಪಾಠ ಇಷ್ಟೇ, ಬರ್ಕೊಳ್ಳಿ" ಎಂದರು. ಆ ಪಾಠವನ್ನು ಆ ಹುಡುಗರು ಮರೆತಿರಲಾರರು. ಬಸ್ಸು ಹತ್ತಿ ಕೂತವನು ಬಾಯಿ ಬಿಡದೆಯೇ ಟಿಕೆಟ್ಟಿಗೆ ಒಪ್ಪಿದಂತೆ, ಹೋಟೆಲಿನಲ್ಲಿ ಇಡ್ಲಿ ಮುರಿದವನು ಬಿಲ್ಲಿಗೆ ಒಪ್ಪಿದಂತೆ ಎಂದು ಕರಾರಿನ ಕಾನೂನನ್ನು ಅವರು ಊರಿನ ಬೀದಿಗೆ ತಂದು ನಿಲ್ಲಿಸುತ್ತಿದ್ದರು.

ಅವರಿಗೆ ಇದ್ದುದು ಒಂದೇ ಆಸೆ. ಪೇಟೆಯಲ್ಲಿ ಸಣ್ಣದೊಂದು ಮನೆ ಬಾಡಿಗೆಗೆ ಹಿಡಿದಿದ್ದರು. ತಾಯಿ ಮರಿತಾಯಮ್ಮನವರು ಬರಲು ಒಪ್ಪಿದ್ದರು. ತಂದೆ ಮಾದಣ್ಣನವರು ಮಾತ್ರ ಒಪ್ಪುತ್ತಿರಲಿಲ್ಲ. ಮಾದಣ್ಣನವರು ಹುಡುಗರಾಗಿದ್ದಾಗಿನಿಂದ ಉಮ್ಮತ್ತೂರಿನ ಜಮೀನುದಾರ ಮರಿಮಲ್ಲಪ್ಪನವರ ಮನೆಯಲ್ಲಿ ಆಳಾಗಿದ್ದವರು. ದನಗಳ ಗುಣ ಬಲ್ಲವರಾದ್ದರಿಂದ ಆಮೇಲೆ ಸಂತೆಗಳಲ್ಲಿ ದನದ ದಲ್ಲಾಳಿಯಾಗಿ ದುಡಿದು ಮಗನನ್ನು ಓದಿಸಿದ್ದರು.

"ಒಂದು ಮಂಚ ತಂದಿಟ್ಟಿದೀನಿ ಸಾರ್. ನಮ್ಮಪ್ಪ ಅದರ ಮೇಲೆ ಮಲಗಬೇಕು. ಈ ಊರ ಬೀದೀಲಿ ಮೇಷ್ಟ್ರ ಅಪ್ಪ ಅಂತ ನಡೀಬೇಕು. ನನಗೆ ಇನ್ನೇನೂ ಬೇಡ" ಎಂದು ಒಮ್ಮೆ ನನ್ನೊಡನೆ ಹೇಳಿದ್ದರು.

ಎರಡನೆಯ ವರ್ಷದ ದಸರಾ ರಜೆ ಕಳೆದ ಮೇಲೆ ಮಾದಣ್ಣನವರು, ನಾಲ್ಕು ದಿನ ಇದ್ದು ನೋಡುವೆನೆಂದು ಬಂದರು. ಮಗ ಹಿಗ್ಗಿಹೋದರು. ಮಾತೇ ಆಡದೆ ಕರಾರು ಹೇಗೆ ಆಗುತ್ತದೆ ಎಂಬ ಪಾಠ ಆಗ ನಡೆಯುತ್ತಿತ್ತು. ದನದ ಸಂತೆಯಲ್ಲಿ ಕೈಗಳ ಮೇಲೆ ಟವಲು ಹೊದಿಸಿ, ಅದರೊಳಗೆ ಬೆರಳು ಹಿಡಿದು ಬೆಲೆ ಹೇಳುವುದನ್ನು ನಮ್ಮ ಕಡೆಯವರೆಲ್ಲ ನೋಡಿದ್ದೇವೆ. ಬಾಯಲ್ಲಿ ಒಂದು ಮಾತಿಲ್ಲ, ಆದರೆ ವ್ಯಾಪಾರ ಮುಗಿದಿರುತ್ತದೆ. ಅದನ್ನು ತಂದೆಯ ಕೈಯಿಂದಲೇ ತೋರಿಸಬೇಕೆಂದು ರಾಜಣ್ಣನವರಿಗೆ ಅನ್ನಿಸಿತು. "ನೀವೂ ಬಂದು ಹಿಂದೆ ಕೂತ್ಕೊಳ್ಳಿ ಸಾರ್" ಎಂದು ನನ್ನನ್ನೂ ಕರೆದರು.

"ನಂಗ್ಯಾತಕ್ಲಾ ಕಾಲೇಜು? ನಗ್ತರೆ ಕಣ ಬುಡು" ಎಂದು ಮಾದಣ್ಣನವರು ಬಾಗಿಲಲ್ಲೇ ಹಿಂಜರಿದರು. ಚಪ್ಪಲಿಯನ್ನು ಹೊರಗೆ ಬಿಟ್ಟು ಒಳಗೆ ಬಂದರು. ಕುರ್ಚಿ ಹಾಕಿದ್ದರೂ ಕೂರದೆ ಅದರ ಬೆನ್ನು ಹಿಡಿದು ನಿಂತರು.

"ಇವರು ನಮ್ಮ ತಂದೆ. ಇವತ್ತಿನ ಪಾಠ ಇವರದು" ಎಂದರು ರಾಜಣ್ಣ. ಹುಡುಗರು ಎದ್ದು ನಮಸ್ಕಾರ ಮಾಡಿದರು. ಅಲ್ಲಿಯವರೆಗೆ ಎಲ್ಲವೂ ಚೆಂದವಾಗಿಯೇ ಇತ್ತು.

"ಎತ್ತು ಕೊಳ್ಳೋನು ಒಬ್ಬ ಬೇಕಲ್ಲ, ಯಾರು ಬರ್ತೀರಿ?"

ಮುಂದಿನ ಬೆಂಚಿನಿಂದ ಸಾಗರ್ ಎದ್ದುಬಂದ. ಮರಿಮಲ್ಲಪ್ಪನವರ ಕಿರಿಯ ಮಗ. ಓದಿಗಾಗಿ ಪೇಟೆಯಲ್ಲಿ ಮನೆ ಮಾಡಿಕೊಂಡಿದ್ದ. ರಾಜಣ್ಣನವರು ಯಾರ ಮಗನೆಂಬುದು ಅವನಿಗೂ ಗೊತ್ತಿತ್ತು, ಅವನು ಯಾರ ಮಗನೆಂಬುದು ಇವರಿಗೂ ಗೊತ್ತಿತ್ತು. ಆದರೆ ಒಂದು ವರ್ಷದಿಂದ ಅವರಿಬ್ಬರು ಮೇಷ್ಟ್ರು, ಶಿಷ್ಯ ಅಷ್ಟೇ. ರಾಜಣ್ಣನವರ ಪಾಠವೆಂದರೆ ಅವನಿಗೆ ಪ್ರಾಣ.

ಅವನನ್ನು ಕಂಡೊಡನೆ ಮಾದಣ್ಣನವರ ಹೆಗಲ ಮೇಲಿನ ಟವಲು ಕಂಕುಳಿಗೆ ಇಳಿಯಿತು. ಬೆನ್ನು ಬಾಗಿತು.

"ಬುದ್ಧಿ... ತಾವಾ?"

ಆಳುಗಳು ಒಡೆಯರನ್ನು ಕರೆಯುವ ಆ ಮಾತು ಕೇಳಿ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅಪ್ಪಾ, ಕೈ ಕೊಡು" ಎಂದರು ರಾಜಣ್ಣ, ಮೆಲ್ಲಗೆ.

"ಸಂತೇಲಾದ್ರೆ ಸರಿ ಕಣಪ್ಪ. ಅಲ್ಲಿ ದನ ನಿಂತಿರ್ತದೆ, ಯಾರ ಕೈ ಯಾರ್ದು ಅಂತ ನೋಡೋರಿಲ್ಲ. ಇಲ್ಲಿ ಬುದ್ಧಿಯೋರ ಕೈಯ ಎಂಗೆ ಇಡಿಯಾನ?"

ಸಾಗರನಿಗೆ ಗಾಬರಿಯಾಯಿತು. ಮುದುಕರಿಗೆ ಧೈರ್ಯ ಹೇಳಬೇಕೆಂದೇ ಅವನು ಕೈಯನ್ನು ಇನ್ನಷ್ಟು ಮುಂದೆ ಚಾಚಿದ.

"ಪರವಾಗಿಲ್ಲ, ಹಿಡ್ಕೊ ಮಾದ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಮೇಷ್ಟ್ರ ತಂದೆಯನ್ನು, ಮೇಷ್ಟ್ರ ಎದುರಿಗೇ, ಹತ್ತೊಂಬತ್ತರ ಹುಡುಗ ಏಕವಚನದಲ್ಲಿ ಕರೆದಿದ್ದ. ತಾನು ಆಡಿದ್ದು ಏನೆಂದು ಆಗ ಅವನಿಗೇ ತಿಳಿದು ಮುಖ ಕಪ್ಪಿಟ್ಟಿತು. ರಾಜಣ್ಣನವರು "ಕೂತ್ಕೊ ಸಾಗರ್" ಎಂದರು. ಬಳಿಕ ತಂದೆಯ ಕಂಕುಳಿನಿಂದ ಟವಲನ್ನು ತಾವೇ ತೆಗೆದು, ತಮ್ಮ ಕೈಯನ್ನು ಅದರೊಳಗಿಟ್ಟು, ಪಾಠ ಮುಂದುವರಿಸಿದರು. ತಂದೆ ಹಿಡಿದ ಬೆರಳುಗಳನ್ನು ಎಣಿಸಿ ಬೆಲೆಯನ್ನು ಹಲಗೆಯ ಮೇಲೆ ಬರೆದರು.

ಮಾರನೆಯ ದಿನ ಸಾಗರ್ ನನ್ನ ಬಳಿ ಬಂದು ಅತ್ತ. "ಮನೇಲಿ ಎಲ್ರೂ ಹಾಗೇ ಕರೆಯೋದು ಸಾರ್. ಅವರಿಗೆ ಬೇರೆ ಹೆಸರಿದೆ ಅಂತಲೇ ನಂಗೆ ಗೊತ್ತಿರ್ಲಿಲ್ಲ" ಎಂದ. ರಾಜಣ್ಣನವರಲ್ಲಿಗೆ ಕರೆದುಕೊಂಡು ಹೋದೆ. ಅವರು ಅವನ ಭುಜ ಮುಟ್ಟಿ, "ನೀನು ಕಲಿತದ್ದನ್ನ ಆಡಿದೆ. ಹೋಗು, ಓದ್ಕೊ" ಎಂದು ಕಳುಹಿಸಿದರು.

ಆದರೆ ಕಾಲೇಜಿನ ಹುಡುಗರ ಬಾಯಿಗೆ ಆ ಮಾತು ಸಿಕ್ಕಿಬಿಟ್ಟಿತು. ಸೀಮೆಸುಣ್ಣ ಕೊಡುವಾಗ, ಸೈಕಲ್ಲು ಕೊಡುವಾಗ, ಒಬ್ಬರಿಗೊಬ್ಬರು "ಪರವಾಗಿಲ್ಲ, ಹಿಡ್ಕೊ ಮಾದ" ಎನ್ನುವರು. ರಾಜಣ್ಣನವರು ಕೇಳಿಯೂ ಕೇಳದಂತೆ ನಡೆದುಹೋಗುವರು. ಆ ವಾರದ ಕೊನೆಗೆ ತಂದೆಯವರೊಡನೆ ಅವರು ಬಸ್ ನಿಲ್ದಾಣದ ಹೋಟೆಲಿಗೆ ಹೋದರು. ಜೊತೆಗೆ ನಾನೂ ಇದ್ದೆ. ಪಕ್ಕದ ಮೇಜಿನಲ್ಲಿ ಕೂತಿದ್ದ ಇಬ್ಬರು ಹುಡುಗರು ನಮ್ಮನ್ನು ನೋಡದೆ, ಕಾಫಿ ಲೋಟ ಬದಲಾಯಿಸಿಕೊಳ್ಳುತ್ತ ಅದೇ ಮಾತನ್ನು ಆಡಿ ನಕ್ಕರು. ಮಾದಣ್ಣನವರು ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲಿಟ್ಟರು. ಅಲ್ಲಿಂದ ಎದ್ದವರು ಮನೆಗೂ ಹೋಗದೆ ಉಮ್ಮತ್ತೂರಿನ ಬಸ್ಸಿನ ಬಳಿ ನಿಂತುಬಿಟ್ಟರು.

"ನಾ ಬಂದು ನಿನ್ನ ಮರ್ವಾದೆ ಕಳ್ದುಬುಟ್ಟೆ ಕಣಪ್ಪ. ಇನ್ನು ಕರೀಬ್ಯಾಡ."

"ಅಪ್ಪಾ, ಅವು ಹುಡುಗ್ರು. ನಾಕು ದಿನ ಆದ್ರೆ ಮರೀತವೆ."

"ಅವು ಮರೀತವೆ. ನನ್ನ ಬೆನ್ನು ಮರೀಬೇಕಲ್ಲ? ಆ ಮನೆಯೋರ ಕಂಡ್ರೆ ಅದು ತಾನಾಗೇ ಬಗ್ಗತದೆ. ನಾನೇನ್ಲಾ ಮಾಡ್ಲಿ?"

ಬಸ್ಸು ಹೊರಟಿತು. ರಾಜಣ್ಣನವರು ಅದು ಕಣ್ಮರೆಯಾಗುವವರೆಗೂ ನಿಂತಿದ್ದರು.

ಆ ತಂಡದ ಹುಡುಗರಲ್ಲಿ ಯಾರೂ ವ್ಯಾಪಾರ ಕಾನೂನಿನಲ್ಲಿ ನಪಾಸಾಗಲಿಲ್ಲ. ಆದರೂ ಆ ಹುಡುಗರ ಬೀಳ್ಕೊಡುಗೆಯ ದಿನ ರಾಜಣ್ಣನವರು ಬರಲಿಲ್ಲ. ೧೯೯೪ರಲ್ಲಿ ಗುಂಡ್ಲುಪೇಟೆಯಲ್ಲಿ ಹೊಸದಾಗಿ ತೆರೆದ ಒಂದು ಕಾಲೇಜಿಗೆ ಹೊರಟುಹೋದರು. ಅಲ್ಲಿ ತಮ್ಮನ್ನು ಬಲ್ಲವರಿಲ್ಲ, ತಂದೆ ಬರಬಹುದೆಂಬ ಆಸೆ. ಮರಿತಾಯಮ್ಮನವರು ಬಂದರು. ಮಾದಣ್ಣನವರು, "ಗುಂಡ್ಲುಪೇಟೇಲೂ ಜನವೇ ಅಲ್ವಾ ಇರದು?" ಎಂದರಂತೆ. ಉಮ್ಮತ್ತೂರಿನಲ್ಲೇ ತಮ್ಮನ ಮನೆಯಲ್ಲಿ ಉಳಿದುಬಿಟ್ಟರು.

ರಾಜಣ್ಣನವರು ಹೋಗಿ ಐದು ವರ್ಷವಾಯಿತು, ನಾನು ನಿವೃತ್ತನಾಗಿ ಎರಡು. ಕಳೆದ ತಿಂಗಳು ಗುಂಡ್ಲುಪೇಟೆಗೆ ಹೋದಾಗ ರಾಜಣ್ಣನವರ ತರಗತಿಯ ಹೊರಗೆ ಬೆಂಚಿನ ಮೇಲೆ ಕೂತು ಕಾದೆ. ಒಳಗಿನಿಂದ ಅವರ ದನಿ ಕೇಳಿಸುತ್ತಿತ್ತು. 'ಎ ಎಂಬುವನು ಬಿ ಎಂಬುವನಿಗೆ' ಎಂದು ಇಂಗ್ಲಿಷ್ ಪುಸ್ತಕದಲ್ಲಿದ್ದುದನ್ನು ಇದ್ದಂತೆಯೇ ಓದಿ ಬರೆಸುತ್ತಿದ್ದರು. ಗಂಟೆ ಹೊಡೆಯುವವರೆಗೂ ಒಂದು ನಗುವೂ ಕೇಳಿಸಲಿಲ್ಲ. ಹೊರಗೆ ಬಂದ ಹುಡುಗನೊಬ್ಬ, "ಒಳ್ಳೆ ನೋಟ್ಸ್ ಕೊಡ್ತಾರೆ ಸಾರ್" ಎಂದು ನನಗೆ ಹೊಗಳಿ ಹೇಳಿದ.

"ತೆರಕಣಾಂಬೀಲಿ ಇವತ್ತು ಸಂತೆ ಸಾರ್, ಬರ್ತೀರಾ?" ಎಂದರು ರಾಜಣ್ಣ. ಹೋದೆವು. ದಲ್ಲಾಳಿ ಕೆಲಸಕ್ಕೆ ಅಲ್ಲಿಗೂ ಬರುತ್ತಿದ್ದ ಮಾದಣ್ಣನವರು ದನಗಳ ನಡುವೆ, ಟವಲಿನೊಳಗೆ ಒಬ್ಬ ಗೌಡರ ಕೈ ಹಿಡಿದು ನಿಂತಿದ್ದರು. ವ್ಯಾಪಾರ ಮುಗಿದ ಮೇಲೆ ಗೌಡರು ನಮ್ಮತ್ತ ನೋಡಿ ಕೇಳಿದರು.

"ಯಾರ್ಲಾ ಮಾದ ಅವ್ರು, ಬೂಟ್ಸಿನೋರು?"

"ಗುಂಡ್ಲುಪೇಟೆ ಕಾಲೇಜು ಮೇಷ್ಟ್ರು ಬುದ್ಧಿ. ಮನೇಗೊಂದು ಅಸ ನೋಡ್ಕೊಡು ಅಂದವ್ರೆ." ಹೀಗೆಂದವರೇ ಮಗನ ಕಡೆ ತಿರುಗಿ, "ಬನ್ನಿ ಸಾ, ಇದ ನೋಡಿ. ಸಾಧು ಪ್ರಾಣಿ" ಎಂದು ಕರೆದರು.

ರಾಜಣ್ಣನವರು ಹತ್ತಿರ ಹೋಗಿ ಹಸುವಿನ ಬೆನ್ನು ಸವರಿದರು. "ಹಾಲೆಷ್ಟು ಕೊಡ್ತದೆ?" ಎಂದು ಕೇಳಿದರು. ಮಾದಣ್ಣನವರು ಹೇಳಿದರು. ತಂದೆ ಮಗ ಇಬ್ಬರೂ ಆ ಹಸುವಿನ ಕೊಂಬು, ಕೆಚ್ಚಲು, ನಡಿಗೆ ಎಂದು ಬಹಳ ಹೊತ್ತು ಮಾತನಾಡಿದರು. ಮರಿತಾಯಮ್ಮನವರ ಮಂಡಿನೋವಿನ ವಿಚಾರವೂ ದನಿ ತಗ್ಗಿಸಿದ ಒಂದು ಮಾತಿನಲ್ಲಿ ಅದರ ನಡುವೆ ಬಂದುಹೋಯಿತು.

ಹಿಂತಿರುಗುವ ಬಸ್ಸಿನಲ್ಲಿ, "ಏಕಪ್ಪಾ ಇದು?" ಎಂದೆ.

"ಇಲ್ಲಿಯೋರ ಮಕ್ಕಳೂ ನನ್ನ ಕ್ಲಾಸಲ್ಲಿದ್ದಾರೆ ಅಂತ ನಮ್ಮಪ್ಪನಿಗೆ ಹೆದರಿಕೆ ಸಾರ್. ಹೀಗೆ ಹಸು ನೋಡೋ ಗಿರಾಕಿ ಆದ್ರೆ ಅರ್ಧ ಗಂಟೆ ನನ್ ಜೊತೆ ನಿಲ್ತಾರೆ. ಇಲ್ದಿದ್ರೆ ಅದೂ ಇಲ್ಲ."

ಈಗ ಪ್ರತಿ ಸಂತೆಯ ದಿನವೂ ರಾಜಣ್ಣನವರು ಕೊನೆಯ ಪಾಠ ಮುಗಿಸಿ ತೆರಕಣಾಂಬಿಯ ಬಸ್ಸು ಹತ್ತುತ್ತಾರೆ. ಹಸು ನೋಡುತ್ತಾರೆ. ಯಾವ ಹಸುವನ್ನೂ ಇದುವರೆಗೆ ಒಪ್ಪಿಲ್ಲ.