ಡಿಕ್ಕಿಯ ಪೆಟ್ಟಿಗೆ

ಮಧುಗಿರಿ ಬಸ್ ಸ್ಟ್ಯಾಂಡಿನ ಹಿಂದೆ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದ ಕ್ಯಾತಣ್ಣ ಐ.ಡಿ.ಹಳ್ಳಿ ಕಡೆಯ ಕುರಿ ಕಾಯುವ ಮನೆಯವನು. ಮದುವೆ ಮನೆಗಳಿಗೆ ಮೈಕ್ ಸೆಟ್ ಹೊತ್ತು ಹೊತ್ತೇ ಕೆಲಸ ಕಲಿತವನು. ಕಾರಿಗೆ ಟೇಪ್ ರೆಕಾರ್ಡರ್ ಕೂರಿಸಬೇಕೆಂದರೆ ಎಲ್ಲರೂ ಅವನ ಅಂಗಡಿಯನ್ನೇ ತೋರಿಸುತ್ತಿದ್ದರು.

ಎಂಬತ್ನಾಲ್ಕರ ಬೇಸಿಗೆಯಲ್ಲಿ ಟ್ಯಾಕ್ಸಿ ಓಡಿಸುವ ದೊಡ್ಡರಂಗಪ್ಪ ತನ್ನ ಅಂಬಾಸಿಡರ್ ತಂದು ನಿಲ್ಲಿಸಿದ.

"ಹಾಡು ಹಾಕಿದ್ರೆ ತಮಟೆ ಏಟು ಎದೆಗೇ ಬೀಳ್ಬೇಕು ಕಣಣ್ಣ. ದಿಬ್ಬಣದೋರು ನನ್ ಕಾರೇ ಬೇಕು ಅನ್ಬೇಕು."

ಕ್ಯಾತಣ್ಣನಿಗೆ ಹುರುಪು ಬಂತು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಕಾರು ಬರೆದ. ಆಂಪ್ಲಿಫೈಯರ್ ಮುಂದಿನ ಸೀಟಿನಡಿ, ಬ್ಯಾಟರಿಯಿಂದ ನೇರ ದಪ್ಪ ವೈರು, ನಡುವೆ ಫ್ಯೂಸು. ದೊಡ್ಡ ಸ್ಪೀಕರಿಗೆ ಗಾಳಿಯಾಡದ ಮರದ ಪೆಟ್ಟಿಗೆ ಬೇಕು, ಅದು ಡಿಕ್ಕಿಯಲ್ಲಿ. ಅಳೆದು ನೋಡಿದರೆ ಸ್ಟೆಪ್ನಿ ಟೈರು ಅಡ್ಡ ಬರುತ್ತಿತ್ತು. ಪೆಟ್ಟಿಗೆ ಚಿಕ್ಕದು ಮಾಡಬಹುದಿತ್ತು. ಆದರೆ ಸದ್ದು ಸಪ್ಪೆಯಾಗುತ್ತದೆ, ಕಾರು ನೋಡಿದವರು ಕ್ಯಾತಣ್ಣನ ಕೆಲಸ ಇಷ್ಟೇ ಎಂದಾರು.

"ಸ್ಟೆಪ್ನಿ ಎಲ್ಲಿ ಮಡಗ್ಲಿ?" ಎಂದ ದೊಡ್ಡರಂಗಪ್ಪ.

"ಮನೇಲಿ ಮಡಗು. ಟೈರು ಹೊಸವೇ ಅವೆಯಲ್ಲ!"

ಹಾಡು ಹಾಕಿದ ದಿನ ಬಸ್ ಸ್ಟ್ಯಾಂಡಿನ ಜನವೆಲ್ಲ ಬಂದು ಸುತ್ತ ನಿಂತರು. ಹಿಂದಿನ ಗಾಜು ನಡುಗುತ್ತಿತ್ತು. ಕ್ಯಾತಣ್ಣ ಅಷ್ಟು ಹಿಗ್ಗಿದ್ದನ್ನು ಯಾರೂ ಕಂಡಿರಲಿಲ್ಲ.

ಮಳೆಗಾಲದ ಕೊನೆಗೆ ಅವನ ತಂಗಿ ಈರಕ್ಕ ಹೆರಿಗೆಗೆ ತವರಿಗೆ ಬಂದಳು. ನೋವು ಶುರುವಾಗಿ ಮಗು ಅಡ್ಡ ನಿಂತಿದೆ ಎಂದು ಸೂಲಗಿತ್ತಿ ಕೈ ಚೆಲ್ಲಿದಾಗ ಕ್ಯಾತಣ್ಣ ಊರಲ್ಲೇ ಇದ್ದ. ಮದುವೆ ಬಾಡಿಗೆಗೆಂದು ದೊಡ್ಡರಂಗಪ್ಪನ ಕಾರೂ ಅಲ್ಲೇ ಬಂದಿತ್ತು. ದೇವರೇ ಕಳಿಸಿದ ಎಂದುಕೊಂಡು ಮಧುಗಿರಿ ಆಸ್ಪತ್ರೆಗೆ ಹೊರಟರು. ಕ್ಯಾತಣ್ಣ ಹಿಂದೆ ಕೂತು ತಂಗಿಯ ತಲೆ ತೊಡೆಯ ಮೇಲಿಟ್ಟುಕೊಂಡ. ಹೆರಿಗೆಯ ಹೊತ್ತಿಗೆ ಬಂದಿದ್ದ ಅವಳ ಗಂಡ ಹುಚ್ಚಣ್ಣ ಮುಂದೆ ಕೂತ.

ಊರು ದಾಟಿ ಬಯಲಿಗೆ ಬಂದ ಮೇಲೆ ಹಿಂದಿನ ಟೈರು ಒಡೆಯಿತು.

"ಸ್ಟೆಪ್ನಿ ತೆಗಿ, ಬೇಗ ತೆಗಿಯಪ್ಪಾ!" ಎಂದು ಹುಚ್ಚಣ್ಣ ಡಿಕ್ಕಿ ಬಡಿದ. ಬಾಗಿಲು ತೆರೆದರೆ ಪೆಟ್ಟಿಗೆ. ದೊಡ್ಡರಂಗಪ್ಪ ಯಾರ ಮುಖವನ್ನೂ ನೋಡದೆ ಸಹಾಯಕ್ಕೆಂದು ಮಧುಗಿರಿಯತ್ತ ಓಡಿದ. ಹುಚ್ಚಣ್ಣ ಗಾಡಿ ಹುಡುಕಿಕೊಂಡು ಊರಿನತ್ತ ಓಡಿದ. ಕ್ಯಾತಣ್ಣ ತಂಗಿಯ ಬಳಿ ಉಳಿದ. ರಸ್ತೆಯಲ್ಲಿ ಬಸ್ಸಿಲ್ಲ, ಲಾರಿಯಿಲ್ಲ. ಎತ್ತಿನ ಗಾಡಿ ಬರುವಷ್ಟರಲ್ಲಿ ಈರಕ್ಕ ಹೋಗಿದ್ದಳು. ಹೊಟ್ಟೆಯೊಳಗಿನ ಮಗುವೂ ಹೋಯಿತು.

ಮಣ್ಣು ಮಾಡಿ ಬಂದ ಮೇಲೆ ಹುಚ್ಚಣ್ಣ ಕುಡುಗೋಲು ಹಿಡಿದು ದೊಡ್ಡರಂಗಪ್ಪನನ್ನು ಹುಡುಕಿ ಹೊರಟ. ಕ್ಯಾತಣ್ಣ ಬಾಗಿಲಿಗೆ ಅಡ್ಡ ನಿಂತ.

"ಅವ್ನನ್ನ ಬುಟ್ಬುಡು, ಬಾವ. ಸ್ಟೆಪ್ನಿ ತೆಗಿಸ್ದೋನು ನಾನು. ಮನೇಲಿ ಮಡಗು ಅಂದೋನು ನಾನು."

ಹುಚ್ಚಣ್ಣನ ಕೈ ಕೆಳಗಿಳಿಯಿತು. ಕುಡುಗೋಲು ಅಂಗಳಕ್ಕೆ ಬಿಸಾಕಿ ತನ್ನೂರಿಗೆ ನಡೆದುಹೋದವನು ಮತ್ತೆ ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ಅಣ್ಣತಮ್ಮಂದಿರು ಕ್ಯಾತಣ್ಣನನ್ನು ಹಬ್ಬಕ್ಕೆ ಕರೆಯುವುದನ್ನು ಬಿಟ್ಟರು.

ಅವನು ಅಂಗಡಿ ಮುಚ್ಚಲಿಲ್ಲ. ಬೇರೆ ಯಾವ ಕೆಲಸ ಗೊತ್ತಿತ್ತು? ರೇಡಿಯೊ ಮಾತ್ರ ರಿಪೇರಿ ಮಾಡಿದ. ಕಾರಿನವರು ಬಂದರೆ ಶಿರಾಕ್ಕೆ ಹೋಗಿ ಎನ್ನುತ್ತಿದ್ದ.

ವರ್ಷ ಕಳೆದ ಮೇಲೆ ತಾಯಿ ಹೊನ್ನಕ್ಕ ಮುದ್ದೆ, ಸಾರು ಕಟ್ಟಿಕೊಂಡು ಬಸ್ಸು ಹತ್ತಿ ಅಂಗಡಿಗೆ ಬಂದಳು. ಮಗನನ್ನು ಕೂರಿಸಿ ಎಲೆ ಹಾಕಿದಳು. ಅವನು ಎರಡು ತುತ್ತು ನುಂಗಿದ ಮೇಲೆ ಕೇಳಿದಳು.

"ಕೊನೇಲಿ ಏನಂದ್ಲಪ್ಪಾ ನನ್ ಮಗ್ಳು?"

"ನೀರು ಕೇಳಿದ್ಲು ಕಣವ್ವ."

"ಕೊಟ್ಯಾ?"

"ಇರ್ಲಿಲ್ಲ."

 ಹೊನ್ನಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಅವನ ಎಲೆಗೆ ಇನ್ನಷ್ಟು ಸಾರು ಬಡಿಸಿದಳು.