‘ಸಾಕು’ ಎಂದರೆ ನಿಲ್ಲುವ ಕೈ

ಬೈರಕೂರಿನ ಹಾಲಿನ ಡೈರಿಯ ಮುಂದೆ ಬೆಳಗಿನ ಐದೂ ಮುಕ್ಕಾಲಿಗೇ ಸಾಲು ನಿಂತಿದೆ. ಒಳಗೆ ಟ್ಯೂಬ್‌ಲೈಟಿನ ಕೆಳಗೆ ಮುನಿಲಕ್ಷ್ಮಿ ಒಬ್ಬೊಬ್ಬರ ಹಾಲನ್ನೂ ಅಳೆದು, ಒಂದಿಷ್ಟು ತೆಗೆದು ಫ್ಯಾಟ್ ನೋಡುವ ಮಿಷನ್ನಿಗೆ ಹಿಡಿಯುತ್ತಾರೆ. ಎಪ್ಪತ್ತು ದಾಟಿದ ಮುನಿಯಲ್ಲಪ್ಪನವರ ಸರದಿ ಬಂದಾಗ ಮುನಿಲಕ್ಷ್ಮಿಯ ಎಡಗೈ ತಾನಾಗಿ ಮುಂದೆ ಹೋಗಿ ಕ್ಯಾನಿನ ತಳಕ್ಕೆ ಆಸರೆಯಾಗುತ್ತದೆ. ಮುದುಕರಿಗೆ ಕೈ ನಡುಗುತ್ತದೆ. ಅದನ್ನು ಯಾರೂ ಗಮನಿಸಬಾರದೆಂದು ಮುನಿಲಕ್ಷ್ಮಿ ಅದೇ ಹೊತ್ತಿಗೆ, “ಕರು ಹೇಗೈತೆ ತಾತ, ಹುಲ್ಲು ಕಚ್ತಾ?” ಎಂದು ಕೇಳುತ್ತಾರೆ. ಕರುವಿನ ಸುದ್ದಿ ಹೇಳಿ ಮುಗಿಸುವಷ್ಟರಲ್ಲಿ ಹಾಲು ಒಂದು ಹನಿಯೂ ಚೆಲ್ಲದೆ ಅಳತೆಗೆ ಬಿದ್ದಿರುತ್ತದೆ.

ಬೆಳಗ್ಗೆ ನೂರಾ ಹದಿನೆಂಟು ಮನೆಯ ಹಾಲು, ಸಂಜೆ ಅದಕ್ಕಿಂತ ಸ್ವಲ್ಪ ಕಮ್ಮಿ. ಬೆಳಗಿನದು ನಲವತ್ತು ಲೀಟರಿನ ಹದಿನೈದು ಕ್ಯಾನು ತುಂಬುತ್ತದೆ. ತುಂಬಿದ ಕ್ಯಾನನ್ನು ಬಾಗಿಲ ತನಕ ಸಾಗಿಸುವಾಗ ಮುನಿಲಕ್ಷ್ಮಿಯ ಕಾಲುಗಳು ಭುಜದಷ್ಟು ಅಗಲವಾಗಿ ನೆಲ ಹಿಡಿಯುತ್ತವೆ, ಮಂಡಿ ಬಗ್ಗುತ್ತದೆ, ಬೆನ್ನು ನೆಟ್ಟಗಿರುತ್ತದೆ. ಈ ನಿಲುವನ್ನು ಅವರಿಗೆ ಡೈರಿ ಕಲಿಸಿದ್ದಲ್ಲ. ಹದಿನೇಳು ವರ್ಷದ ಕರಾಟೆ ಕಲಿಸಿದ್ದು.

ಏಳೂ ಕಾಲಿಗೆ ಹಾಲಿನ ವ್ಯಾನು ಬರುತ್ತದೆ. ಅದಕ್ಕೆ ಮೊದಲು ಸಿಗುವ ಹತ್ತು ನಿಮಿಷ ಅವರ ಸ್ವಂತದ್ದು. ಡೈರಿಯ ಹಿಂದೆ ದನಗಳ ನೀರಿನ ತೊಟ್ಟಿಯ ಪಕ್ಕ ಚೂಡಿದಾರದ ದುಪಟ್ಟಾ ಸೊಂಟಕ್ಕೆ ಬಿಗಿದು ಒಂದೊಂದು ಕಾಲಿಗೆ ಐವತ್ತು ಒದೆತ ಹಾಕುತ್ತಾರೆ. ಖಾಲಿ ಕ್ಯಾನು ಹಿಡಿದು ಮನೆಗೆ ಹೊರಟ ಹೆಂಗಸರು ನಿಂತು ನೋಡುತ್ತಾರೆ.

“ಏನ್ ಲಕ್ಷ್ಮಕ್ಕಾ, ಹಾಲು ಕೊಡೋ ಎಮ್ಮೆ ಒದಿಯೋದು ನೋಡಿದ್ವಿ. ಹಾಲು ಅಳೆಯೋರು ಒದಿಯೋದು ನಮ್ಮೂರಲ್ಲೇ ಕಣಮ್ಮ.”

“ಎಮ್ಮೆ ಹೇಳ್ದೆ ಒದಿತದೆ. ನಾನು ಹೇಳಿ ಒದಿತೀನಿ. ಒಂಚೂರು ಹಿಂದಕ್ಕೆ ನಿಂತ್ಕೊ.”

ಮುನಿಲಕ್ಷ್ಮಿಗೆ ಈಗ ನಲವತ್ತಾರು. ತವರು ಕುರುಡುಮಲೆಯ ಹತ್ತಿರ, ಓದು ಎಸ್ಸೆಸ್ಸೆಲ್ಸಿ. ಗಂಡ ಮುನೇಶ್ ಒಂದೂವರೆ ಎಕರೆಯಲ್ಲಿ ಟೊಮೆಟೊ, ಬೀನ್ಸ್, ಅಂಚಿನಲ್ಲಿ ಹಿಪ್ಪುನೇರಳೆ ಬೆಳೆಯುತ್ತಾರೆ. ಕರಾಟೆಗೆ ಸೇರಿದ್ದು ಮುನಿಲಕ್ಷ್ಮಿಯಲ್ಲ, ಎಂಟು ವರ್ಷದ ಮಗಳು ಗಂಗಾ. ಮುಳಬಾಗಿಲಿನ ಸಮುದಾಯ ಭವನದಲ್ಲಿ ಭಾನುವಾರ ಒಂಬತ್ತಕ್ಕೆ ಕ್ಲಾಸು. ಮಗಳನ್ನು ಬಸ್ಸಿನಲ್ಲಿ ಕರೆದುಕೊಂಡು ಬಂದ ತಾಯಿ, ಮಕ್ಕಳ ಚಪ್ಪಲಿಗಳ ಪಕ್ಕ ಮೆಟ್ಟಿಲ ಮೇಲೆ ಎರಡೂವರೆ ಗಂಟೆ ಕೂತಿರುತ್ತಿದ್ದರು. ಮೂರನೇ ಭಾನುವಾರ ಮಾಸ್ಟರ್ ಅಮರನಾಥ್ ಹೊರಗೆ ಬಂದು, “ಸುಮ್ನೆ ಕೂತಿರೋ ಬದ್ಲು ಹಿಂದಿನ ಸಾಲಲ್ಲಿ ನಿಂತ್ಕೊಳ್ಳಿ ಅಕ್ಕಾ” ಎಂದರು. ಎರಡು ವರ್ಷಕ್ಕೆ ಗಂಗಾಗೆ ಬೇಸರವಾಗಿ ಬಿಟ್ಟಳು. ಈಗ ಮದುವೆಯಾಗಿ ಮಾಲೂರಿನಲ್ಲಿದ್ದಾಳೆ. ತಾಯಿ ಬಿಡಲಿಲ್ಲ.

ಅತ್ತೆ ಆಂಜಿನಮ್ಮ ಊರಿಗೆಲ್ಲ ಕೇಳುವಂತೆ, “ಮೊಮ್ಮಗಳು ಎಗರೋದು ಕಲೀಲಿ ಅಂತ ಕಳಿಸಿದ್ರೆ, ಅವರಮ್ಮ ಎಗರ್ತಾ ಅವ್ಳೆ” ಎಂದು ಹೇಳಿಕೊಂಡು ಬಂದರು. ಹಾಗೆಂದ ಬಾಯಿಯೇ ಭಾನುವಾರ ಮಧ್ಯಾಹ್ನ, “ನೀರು ಕಾದದೆ, ಕಾಲಿಗೆ ಸುರ್ಕೊ” ಎನ್ನುತ್ತಿತ್ತು. ಹಂಡೆಯಲ್ಲಿ ಬೇವಿನ ಸೊಪ್ಪು ಬಿದ್ದಿರುತ್ತಿತ್ತು. ಹದಿನೇಳು ವರ್ಷದಲ್ಲಿ ಬೈಗುಳವೂ ತಪ್ಪಿಲ್ಲ, ಬಿಸಿನೀರೂ ತಪ್ಪಿಲ್ಲ.

ಇಷ್ಟು ವರ್ಷ ಕಲಿತದ್ದು ಎಲ್ಲಿ ಉಪಯೋಗಕ್ಕೆ ಬಂತು ಎಂದರೆ ಮುನಿಲಕ್ಷ್ಮಿ ನಗುತ್ತಾರೆ. “ಒಂದೇ ಸಲ. ಡೈರಿಯಲ್ಲಿ ಹಾಲು ಚೆಲ್ಲಿ ಜಾರಿದೆ. ಹೇಗೆ ಬೀಳ್ಬೇಕು ಅಂತ ಗೊತ್ತಿತ್ತು, ಸೊಂಟ ಉಳೀತು. ಕಳ್ಳನೂ ಬರ್ಲಿಲ್ಲ, ಪೋಲಿನೂ ಬರ್ಲಿಲ್ಲ. ಮತ್ಯಾಕೆ ಹೋಗ್ತೀಯ ಅಂತಾರೆ. ಅಲ್ಲಿ ನಿಂತಾಗ ನಾನು ಯಾರ ಹೆಂಡ್ತಿನೂ ಅಲ್ಲ, ಯಾರ ಸೊಸೆನೂ ಅಲ್ಲ. ಎರಡು ಕೈ, ಎರಡು ಕಾಲು, ಅಷ್ಟೇ. ಹಗುರ ಆಗ್ತದೆ.”

ಹಿಂದಿನ ಸಾಲಿನಲ್ಲಿ ನಿಂತ ಮೊದಲ ದಿನವೇ ಒಂದು ಜಗಳವಾಗಿತ್ತು. ಕರಾಟೆಯಲ್ಲಿ ಎಣಿಕೆ, ಅಪ್ಪಣೆ ಎಲ್ಲ ಜಪಾನೀ ಭಾಷೆಯಲ್ಲಿ. ‘ಯಮೆ’ ಎಂದರೆ ನಿಲ್ಲಿಸು ಎಂದರ್ಥ. ಅಮರನಾಥ್ ಗಂಟಲೆತ್ತಿ “ಯಮೇ!” ಎಂದು ಕೂಗಿದಾಗ ಅರ್ಧ ಮಕ್ಕಳು ‘ಎಮ್ಮೆ’ ಎಂದು ಕೇಳಿಸಿಕೊಂಡು ನಕ್ಕರು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಆಡುವ ಮುನಿಲಕ್ಷ್ಮಿಯ ಕಿವಿಗೆ ಅದು ‘ಏಮೇ’ ಎಂದು ಬಿತ್ತು. ಈ ಕಡೆ ಗಂಡ ಹೆಂಡತಿಯನ್ನು ಕರೆಯುವುದು ‘ಏಮೇ’ ಎಂದು. ಪರ ಗಂಡಸು ಹಾಗೆ ಕರೆದರೆ ಅದು ಬೈಗುಳಕ್ಕೆ ಸಮ.

“ಯಾರನ್ನ ಏಮೇ ಅಂತೀಯ? ನಿನ್ ಹೆಂಡ್ತಿ ಏನೋ ನಾನು?” ಎಂದು ಅವರು ಸಾಲು ಬಿಟ್ಟು ಮುಂದೆ ಬಂದೇಬಿಟ್ಟರು.

ಅಮರನಾಥ್‌ಗೆ ಆಗ ಇಪ್ಪತ್ತಾರು, ಮದುವೆಯೂ ಆಗಿರಲಿಲ್ಲ. ಬಸ್ ನಿಲ್ದಾಣದ ಹತ್ತಿರ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ ಅವರದು. ಇಂದಿಗೂ ಅದೇ ಕೆಲಸ. “ನಾನು ಕಲಿಯುವಾಗ ಎಲ್ಲ ಗಂಡು ಹುಡುಗ್ರೇ. ಆ ಪದ ಹೆಂಗಸರ ಕಿವಿಗೆ ಹೇಗೆ ಕೇಳ್ತದೆ ಅಂತ ಹೊಳೆದೇ ಇರ್ಲಿಲ್ಲ. ಅಕ್ಕ ಹಂಗೆ ನುಗ್ಗಿ ಬಂದಾಗ ನನ್ ಬೆಲ್ಟ್ ಬಿಚ್ಚಿ ಅವರ ಕೈಗೇ ಕೊಟ್ಬಿಡೋಣ ಅನ್ನಿಸ್ತು” ಎಂದು ಅವರು ಈಗ ನಗುತ್ತಾರೆ. ಅವತ್ತು ವಾದಿಸಲು ಹೋಗಲಿಲ್ಲ. ಮುಂದಿನ ಭಾನುವಾರದಿಂದ ಆ ಪದವನ್ನೇ ಬಿಟ್ಟು ‘ಸಾಕು’ ಎಂದು ಕೂಗತೊಡಗಿದರು. ಒಬ್ಬ ಹೆಣ್ಣುಮಗಳು ಮುಜುಗರವಿಲ್ಲದೆ ನಿಲ್ಲಲಿ ಎಂದು ಮಾಡಿದ ಬದಲಾವಣೆ ಅದು. ಹದಿನೇಳು ವರ್ಷ ಮುಳಬಾಗಿಲಿನ ಆ ಭವನದಲ್ಲಿ ಎಲ್ಲ ಕೈಕಾಲುಗಳೂ ‘ಸಾಕು’ ಎಂದರೆ ನಿಂತವು.

ಬಿಳಿಯಿಂದ ಕಂದಿನವರೆಗಿನ ಬೆಲ್ಟುಗಳ ಪರೀಕ್ಷೆ ಅಮರನಾಥ್ ಅವರೇ ಮಾಡುತ್ತಾರೆ. ಕಪ್ಪು ಬೆಲ್ಟಿಗೆ ಮಾತ್ರ ಕೋಲಾರಕ್ಕೆ ಹೋಗಬೇಕು, ಹೊರಗಿನ ಪರೀಕ್ಷಕರು ಬರುತ್ತಾರೆ. ಕಂದು ಬೆಲ್ಟಿನಲ್ಲಿ ಆರು ವರ್ಷ ಕಳೆದ ಮೇಲೆ ಮುನಿಲಕ್ಷ್ಮಿ ಕಳೆದ ಡಿಸೆಂಬರಿನಲ್ಲಿ ಧೈರ್ಯ ಮಾಡಿದರು. ಕೊನೆಯ ಸುತ್ತು ಎದುರುಬದುರು ಆಡುವುದು. ಮುಖಕ್ಕೆ ಗುರಿಯಿಟ್ಟರೂ ತಾಕಿಸುವಂತಿಲ್ಲ. ಎದುರಿಗೆ ನಿಂತವರು ಶ್ರೀನಿವಾಸಪುರದ ಅನಿತ. ಮೂವತ್ತನಾಲ್ಕರ ಅನಿತ ಮನೆಯಲ್ಲೇ ರವಿಕೆ ಹೊಲಿಯುವ ದರ್ಜಿ. ಅವರದ್ದೂ ಹನ್ನೊಂದು ವರ್ಷದ ಕರಾಟೆ.

ಇಬ್ಬರೂ ಚೆನ್ನಾಗಿಯೇ ಆಡುತ್ತಿದ್ದರು. ಪರೀಕ್ಷಕರು “ಯಮೆ” ಎಂದರು. ಅದನ್ನೇ ಕೇಳಿ ಬೆಳೆದ ಅನಿತ ತಟ್ಟನೆ ನಿಂತು ಕೈ ಕೆಳಗಿಳಿಸಿದರು. ಮುನಿಲಕ್ಷ್ಮಿಯ ಮುಷ್ಟಿ ಆಗಲೇ ಹೊರಟಿತ್ತು.

“ಪದದ ಅರ್ಥ ನಂಗೆ ಗೊತ್ತಿತ್ತು. ನನ್ ಕೈಗೆ ಗೊತ್ತಿರ್ಲಿಲ್ಲ” ಎನ್ನುತ್ತಾರೆ ಅವರು. ಏಟು ನೇರ ಎಡಗಣ್ಣಿಗೆ ಬಿದ್ದಿತ್ತು.

ಕಣ್ಣಿನೊಳಗೆ ರಕ್ತ ಇಳಿದಿದೆ ಎಂದರು ಆಸ್ಪತ್ರೆಯಲ್ಲಿ. ಎರಡು ವಾರ ತಲೆ ಎತ್ತರಕ್ಕಿಟ್ಟು ಮಲಗಬೇಕು, ಬಗ್ಗಬಾರದು, ಹೊಲಿಗೆ ಮುಟ್ಟಬಾರದು. ರಕ್ತ ತಾನಾಗಿ ಕರಗಿದರೆ ಸರಿ, ಇಲ್ಲದಿದ್ದರೆ ಈಗಲೇ ಏನೂ ಹೇಳಲಾಗದು. ಅದೇ ಮಾತನ್ನು ತಲೆಯಲ್ಲಿ ಹೊತ್ತು ಮುನಿಲಕ್ಷ್ಮಿ ಬೈರಕೂರಿಗೆ ಬಂದರು. ದರ್ಜಿಗೆ ಕಣ್ಣೇ ಬದುಕು. ಆ ವಾರ ಆಂಜಿನಮ್ಮ ಸೊಸೆಗೆ ಒಂದು ಮಾತೂ ಕೊಂಕು ಆಡಲಿಲ್ಲ. ಬೈಗುಳವಿಲ್ಲದ ಮನೆಯೇ ಹೆಚ್ಚು ಭಯ ಹುಟ್ಟಿಸಿತು ಎನ್ನುತ್ತಾರೆ ಮುನಿಲಕ್ಷ್ಮಿ.

ಮೂರನೇ ದಿನ ಡೈರಿ ಮುಗಿಸಿ, ಮುಳಬಾಗಿಲಿನಲ್ಲಿ ಬಸ್ಸು ಬದಲಿಸಿ, ಎರಡು ಲೀಟರ್ ಹಾಲು ಹಿಡಿದು ಶ್ರೀನಿವಾಸಪುರಕ್ಕೆ ಹೋದರು. ಬಾಗಿಲು ತೆಗೆದ ಅನಿತ ಅವರ ತಾಯಿ ಶ್ಯಾಮಲಮ್ಮ ಮಾತಾಡಲಿಲ್ಲ. ಆದರೆ ಬಿಸಿಲಲ್ಲಿ ಬಂದವರಿಗೆ ಒಂದು ಚೊಂಬು ನೀರು ತಂದಿಟ್ಟು ಒಳಗೆ ಹೋದರು. ಎರಡನೇ ಸಲ ಹೋದಾಗ ನೀರಿನ ಜೊತೆ ಚಾಪೆ ಬಂತು. ಮೂರನೇ ಸಲಕ್ಕೆ ಕಾಫಿ, ಮತ್ತು “ಸಕ್ಕರೆ ಸಾಕಾ?” ಎಂಬ ಎರಡೇ ಮಾತು.

ಅನಿತ ಗೋಡೆಗೆ ದಿಂಬು ಒರಗಿಸಿ ಕೂತಿದ್ದರು. ಮದುವೆ ಮನೆಗಳ ರವಿಕೆಗಳು ಹುಕ್ಕು, ಅಂಚಿನ ಹೊಲಿಗೆ ಕಾಯುತ್ತಾ ರಾಶಿ ಬಿದ್ದಿದ್ದವು. ಮುನಿಲಕ್ಷ್ಮಿ ಕೇಳದೆಯೇ ಒಂದನ್ನು ಎತ್ತಿಕೊಂಡರು. ಹೊಲಿಗೆ ಅವರಿಗೆ ಬಾರದು. ಒಂದು ಗಂಟೆ ಕಷ್ಟಪಟ್ಟು ಮುಗಿಸಿದ್ದನ್ನು ಅನಿತ ಒಂದೇ ಕಣ್ಣಿನಿಂದ ತಿರುಗಿಸಿ ತಿರುಗಿಸಿ ನೋಡಿದರು.

“ಅಕ್ಕಾ, ಒಂದ್ ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ನೀವು ಕೊಟ್ಟ ಏಟಿಗಿಂತ ನೀವು ಹಾಕಿದ ಹೊಲಿಗೆ ಜಾಸ್ತಿ ನೋವು ಕೊಡ್ತದೆ.”

ಒಳಗೆ ಶ್ಯಾಮಲಮ್ಮ ನಕ್ಕದ್ದು ಕೇಳಿಸಿತು. ಏಟು ಬಿದ್ದ ಮೇಲೆ ಆ ಮನೆಯಲ್ಲಿ ಯಾರಾದರೂ ನಕ್ಕದ್ದು ಅದೇ ಮೊದಲು. ಅಂದಿನಿಂದ ಮುನಿಲಕ್ಷ್ಮಿ ದಿನ ಬಿಟ್ಟು ದಿನ ಹೋಗಿ, ಅನಿತ ಹೇಳಿಕೊಟ್ಟಂತೆ ಇಪ್ಪತ್ಮೂರು ರವಿಕೆಗೆ ಹುಕ್ಕು ಹಾಕಿದರು. ಅವುಗಳಲ್ಲಿ ಒಂಬತ್ತನ್ನು ಶ್ಯಾಮಲಮ್ಮ ಸದ್ದಿಲ್ಲದೆ ಬಿಚ್ಚಿ ಮತ್ತೆ ಹಾಕಿದ್ದು ಅವರಿಗೆ ತಿಳಿದದ್ದು ಬಹಳ ತಡವಾಗಿ.

ಹದಿನಾರನೇ ದಿನದ ಬೆಳಗ್ಗೆ ಆರೂವರೆ ಗಂಟೆ. ಡೈರಿಯಲ್ಲಿ ಸಾಲು ಅರ್ಧ ಸರಿದಿದೆ. ಮುನಿಲಕ್ಷ್ಮಿಯ ಫೋನು ಹೊಡೆದುಕೊಂಡಿತು. ಹಿಂದಿನ ದಿನ ಅನಿತ ಆಸ್ಪತ್ರೆಗೆ ಹೋಗಿದ್ದರು. ರಕ್ತ ಕರಗಿದೆ, ಅಕ್ಷರಗಳೆಲ್ಲ ಓದಿದ್ದೀಯ ಎಂದು ಡಾಕ್ಟರು ಹೇಳಿದ್ದರೂ ಅನಿತಾಗೆ ನಂಬಿಕೆ ಸಾಲದೆ, ಬೆಳಗಾಗುವುದನ್ನೇ ಕಾದು, ಕಿಟಕಿಯ ಬೆಳಕಿನಲ್ಲಿ ತಮ್ಮದೇ ಪರೀಕ್ಷೆ ಮಾಡಿಕೊಂಡಿದ್ದರು.

“ಅಕ್ಕಾ, ಬಲಗಣ್ಣು ಮುಚ್ಕೊಂಡು ಸೂಜಿಗೆ ದಾರ ಹಾಕ್ದೆ. ಒಂದೇ ಸಲಕ್ಕೆ! ಕೇಳಿಸ್ತಾ? ಒಂದೇ ಸಲಕ್ಕೆ!”

ಮುನಿಲಕ್ಷ್ಮಿ ಬೋರಲು ಹಾಕಿದ್ದ ಕ್ಯಾನಿನ ಮೇಲೆ ಕುಸಿದು ಕೂತು ಗಟ್ಟಿಯಾಗಿ ಅತ್ತುಬಿಟ್ಟರು. ಸಾಲಿನಲ್ಲಿದ್ದವರಿಗೆಲ್ಲ ವಿಷಯ ಗೊತ್ತಿತ್ತು. ಬಸ್ಸಿಗೆ ಹೊತ್ತಾಯಿತು ಎಂದು ದಿನವೂ ಗೊಣಗುವವರು ಕೂಡ ಕ್ಯಾನು ಕೆಳಗಿಟ್ಟು ಕಾದರು. ಮುನಿಯಲ್ಲಪ್ಪ ತಮ್ಮ ಹೆಗಲ ವಲ್ಲಿಯನ್ನು ಅವರ ಕೈಗೆ ಕೊಟ್ಟು, “ಅಳಮ್ಮ, ಪೂರಾ ಅಳು. ಹಾಲು ಎಲ್ಲೂ ಓಡೋಗಲ್ಲ” ಎಂದರು. ಅವತ್ತು ವ್ಯಾನು ಹನ್ನೆರಡು ನಿಮಿಷ ಕಾಯಿತು. ಚಾಲಕನಿಗೂ ಯಾರೋ ಆಗಲೇ ಹೇಳಿದ್ದರು.

ಕಣ್ಣು ಉಳಿಯಿತು. ಆದರೆ ಮುನಿಲಕ್ಷ್ಮಿಯ ಕೈ ಏಳಲಿಲ್ಲ. ನಾಲ್ಕು ತಿಂಗಳು ಭಾನುವಾರ ತಪ್ಪದೆ ಭವನಕ್ಕೆ ಹೋದರು. ನೆಲ ಗುಡಿಸಿದರು, ಚಿಕ್ಕ ಮಕ್ಕಳ ಬೆಲ್ಟು ಕಟ್ಟಿದರು, ಒಬ್ಬರೇ ಗಾಳಿಗೆ ಗುದ್ದಿದರು. ಎದುರಿಗೆ ಮನುಷ್ಯರು ನಿಂತರೆ ಮುಷ್ಟಿ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಅಮರನಾಥ್ ಒತ್ತಾಯ ಮಾಡಲಿಲ್ಲ. ತಪ್ಪು ತಮ್ಮದೆಂದು ಎಲ್ಲರ ಮುಂದೆ ಒಪ್ಪಿಕೊಂಡು, ಈಗ ಅವರು ಪ್ರತಿ ಸಲವೂ ‘ಯಮೆ’, ‘ಸಾಕು’ ಎರಡೂ ಪದ ಕೂಗುತ್ತಾರೆ. ಕೇಳುವವರಿಗೆ ಅದು ‘ಏಮೇ ಸಾಕು’ ಎಂದೇ ಕೇಳುತ್ತದೆ. ಮಕ್ಕಳು ನಗುತ್ತಾರೆ, ಆದರೆ ನಿಲ್ಲುತ್ತಾರೆ.

ಏಪ್ರಿಲಿನ ಒಂದು ಭಾನುವಾರ ಅನಿತ ಬಿಳಿ ಡ್ರೆಸ್ಸು ಚೀಲದಲ್ಲಿಟ್ಟುಕೊಂಡು ಹೇಳದೆ ಕೇಳದೆ ಮುಳಬಾಗಿಲಿಗೆ ಬಂದಿಳಿದರು. ಕಣ್ಣಿನ ಡಾಕ್ಟರು ಆಡಬಹುದು ಎಂದಿದ್ದರು, ಮುಖಕ್ಕೆ ಕಂಬಿಯ ಮರೆ ಹಾಕಿಕೊಂಡೇ ಆಡಬೇಕೆಂಬ ಮಾತಿನ ಮೇಲೆ. ಅದನ್ನು ತಲೆಗೆ ಬಿಗಿದುಕೊಂಡು ಮುನಿಲಕ್ಷ್ಮಿಯ ಎದುರು ನಿಂತರು.

“ಹೊಡೀರಿ ಅಕ್ಕಾ.”

“ಬೇಡ ಕಣೇ. ನನ್ ಕೈಲಾಗಲ್ಲ.”

“ಹದಿನಾರು ದಿನ ಕತ್ತಲಲ್ಲಿ ಕೂತಿದ್ದೋಳು ನಾನು. ನಾನೇ ನಿಂತಿದೀನಿ, ನಿಮಗೇನ್ ಭಯ? ಹೊಡೀರಿ, ಇಲ್ಲಾಂದ್ರೆ ಆ ಒಂಬತ್ತು ರವಿಕೆ ವಿಷಯ ಊರಿಗೆಲ್ಲ ಹೇಳ್ತೀನಿ.”

“ಯಾವ ಒಂಬತ್ತು ರವಿಕೆ?”

ಆ ಗುಟ್ಟು ಹೊರಬಿದ್ದದ್ದು ಹಾಗೆ. ನಗುತ್ತಲೇ ಮುನಿಲಕ್ಷ್ಮಿ ಕೈ ಎತ್ತಿದರು. ಮೊದಲ ಏಟು ಒಂದು ಮೊಳ ದೂರದಲ್ಲೇ ನಿಂತಿತು. ಎರಡನೆಯದು ಗೇಣು ದೂರ. ಹತ್ತನೆಯದೋ ಹನ್ನೊಂದನೆಯದೋ, ಕಂಬಿಯ ಮರೆಯಿಂದ ಎರಡು ಬೆರಳಿನಷ್ಟು ಈಚೆ ಬಂದು ಅಲ್ಲಾಡದೆ ನಿಂತಿತು. ಅನಿತ ಎರಡೂ ಕಣ್ಣು ತೆರೆದುಕೊಂಡೇ ಇದ್ದರು, ರೆಪ್ಪೆ ಬಡಿಯಲಿಲ್ಲ. ಅಮರನಾಥ್ ಇನ್ನೊಂದು ಕಡೆ ತಿರುಗಿ ಮಕ್ಕಳಿಗೆ ನೀರು ಕುಡಿಯಲು ಹೇಳಿದರು. ಯಾರಿಗೂ ಆಗ ನೀರಡಿಕೆಯಾಗಿರಲಿಲ್ಲ.

ಅಂದಿನಿಂದ ತಿಂಗಳಿಗೆ ಎರಡು ಭಾನುವಾರ ಅನಿತ ಮುಳಬಾಗಿಲಿಗೆ ಬರುತ್ತಾರೆ. ಅರ್ಧಕ್ಕೆ ನಿಂತ ಸುತ್ತನ್ನು ಇಬ್ಬರೂ ಹೊಸದಾಗಿ ಪರೀಕ್ಷೆಗೆ ಬರುವವರ ಸಾಲಿನಲ್ಲಿ ನಿಂತು ಮತ್ತೆ ಆಡಬೇಕೆಂದು ಪರೀಕ್ಷಕರು ಹೇಳಿಕಳಿಸಿದ್ದಾರೆ. ಮುಂದಿನ ತಿಂಗಳು, ಅದೇ ಕೋಲಾರದಲ್ಲಿ. ಯಾರಿಗೆ ಯಾರು ಎದುರು ಎಂಬುದನ್ನು ಅಂದೇ ಚೀಟಿ ಎತ್ತಿ ಗೊತ್ತು ಮಾಡುತ್ತಾರೆ.

ವ್ಯಾನು ಹೋಗಿದೆ. ಮುನಿಲಕ್ಷ್ಮಿ ಡೈರಿಯ ನೆಲಕ್ಕೆ ಬಿಸಿನೀರು ಹುಯ್ದು ಉಜ್ಜುತ್ತಿದ್ದಾರೆ. ಕಪ್ಪು ಬೆಲ್ಟು ಬರುತ್ತದೆಯೇ ಎಂದರೆ ಪೊರಕೆ ನಿಲ್ಲಿಸದೆ ಹೇಳುತ್ತಾರೆ: “ಬಂದ್ರೆ ಬರ್ಲಿ, ಬರ್ದಿದ್ರೆ ಕಂದು ಇನ್ನೂ ಗಟ್ಟಿಯಾಗೇ ಐತೆ.” ಆಮೇಲೆ ಪೊರಕೆ ಗೋಡೆಗೆ ಒರಗಿಸಿ, ಒದ್ದೆ ಕೈಯನ್ನು ದುಪಟ್ಟಾಗೆ ಒರೆಸಿಕೊಳ್ಳುತ್ತಾರೆ.

“ಒಂದೇ ಆಸೆ. ಚೀಟಿಯಲ್ಲಿ ಅನಿತಾನೇ ಬರ್ಬೇಕು. ಅವತ್ತು ನೋಡಿದ ಜನಾನೇ ಅಲ್ಲಿ ಕೂತಿರ್ತಾರೆ. ಅವಳ ಕಣ್ಮುಂದೆ ನನ್ ಕೈ ನಿಲ್ಲೋದನ್ನ ಅವರೂ ನೋಡ್ಲಿ.”