ಸಿಲೋನಿಗೆ ಹೋದ ಏರೋಪ್ಲೇನ್ ಚಿಟ್ಟೆ

ಈಗ ವಿಜಯನಗರ ಬಡಾವಣೆ ಎನ್ನುವ ಕಡೆ ಆಗ ಹೊಲ, ತೋಪು, ನಡುವೆ ಒಂದು ಹೊಂಡ. ನಾವು ಮಾರೇನಹಳ್ಳಿಯವರು. ಅಮ್ಮ ಹೊಂಡಕ್ಕೆ ಬಟ್ಟೆ ಒಗೆಯಲು ಹೊರಟರೆ ನಾನೂ ನನ್ನ ಪುಟ್ಟ ತಂಗಿಯೂ ಹಿಂದೆ ಹೋಗುತ್ತಿದ್ದೆವು.

ನೀರಂಚಿನ ಒಂದು ಜೊಂಡಿನ ತುದಿಯಲ್ಲಿ ಏರೋಪ್ಲೇನ್ ಚಿಟ್ಟೆಯೊಂದು ಕೂರುತ್ತಿತ್ತು. ಮಾಸಿದ ಅರಿಶಿನ ಬಣ್ಣದವು ಬೇಕಾದಷ್ಟಿದ್ದವು. ಇದು ಕಡುಗೆಂಪು, ಬಿಸಿಲು ಬಿದ್ದರೆ ಮೈಗೆ ನೇರಳೆ ಪುಡಿ ಸವರಿದ ಹಾಗೆ. ಗಾಜಿನಂಥ ರೆಕ್ಕೆಯಲ್ಲಿ ಕೆಂಪು ನರಗಳು, ಬುಡದಲ್ಲಿ ಜೇನು ಬಣ್ಣದ ಮಚ್ಚೆ. ಹಾರಿದರೂ ತಿರುಗಿ ಅದೇ ಕಡ್ಡಿಗೆ ಬರುತ್ತಿತ್ತು. ತಂಗಿ "ನಂದು" ಎನ್ನುತ್ತಿದ್ದಳು. ಅದು ಹೆದರೀತೆಂದು ಬಾಯಿ ಮುಚ್ಚಿಕೊಂಡು ಕೆಮ್ಮುತ್ತಿದ್ದಳು.

ನಮ್ಮ ಹುಡುಗರಲ್ಲಿ ಕಲ್ಲೆತ್ತಿಸುವ ಆಟವಿತ್ತು. ಚಿಟ್ಟೆಯ ಬಾಲಕ್ಕೆ ದಾರ ಕಟ್ಟಿ, ಕಾಲಿಗೆ ಸಣ್ಣ ಕಲ್ಲು ಹಿಡಿಸುವುದು. ದೊಡ್ಡದನ್ನು ಎತ್ತಿಸಿದವನು ಗೆದ್ದ. ನಾನು ಸೋಲುತ್ತಲೇ ಇದ್ದೆ.

"ಲೇ, ನಿನ್ ಚಿಟ್ಟೆಗೆ ಮುದ್ದೆ ತಿನ್ನಿಸ್ಕೊಂಡ್ ಬಾರೋ!" ಎಂದು ಹುಡುಗರು ನಗುತ್ತಿದ್ದರು.

ಕೆಂಪನೆಯದನ್ನು ನಾನು ಹುಡುಕಬೇಕಿರಲಿಲ್ಲ, ತಂಗಿಯೇ ತೋರಿಸಿದ್ದಳಲ್ಲ. ಅವಳಿಲ್ಲದಾಗ ಹೋಗಿ ಹಿಡಿದೆ. ಹುಡುಗರೆದುರು ಬಾಲಕ್ಕೆ ಕಟ್ಟಿದ ಗಂಟು ಬಿಗಿಯಾಯಿತು. ಕಲ್ಲು ಎತ್ತುವ ಮೊದಲೇ ಬಾಲ ಮುರಿದು ದಾರದಲ್ಲಿ ಉಳಿಯಿತು. ಹುಡುಗರು ನಕ್ಕರು. ನಾನೂ ನಕ್ಕೆ. ಬರೆಯುವಾಗ ಕೈ ಹಿಂಜರಿಯುವುದು ಇಲ್ಲೇ.

ಮಾರನೆಯ ದಿನ ತಂಗಿ ಬರಿಯ ಕಡ್ಡಿಯನ್ನು ನೋಡಿದಳು. "ಅಣ್ಣ, ನಂದೆಲ್ಲೋ?"

"ಸಿಲೋನಿಗೆ ಹೋಗೈತೆ ಕಣೇ. ಬರ್ತದೆ." ರೇಡಿಯೋದಲ್ಲಿ ಕೇಳಿದ ಹೆಸರು, ಬಾಯಿಗೆ ಬಂತು.

"ಅಷ್ಟು ದೂರ ಅದೊಂದೇ ಹೋಯ್ತಾ?"

"ಹೂಂ."

ಈ ಜಾತಿ ಸಿಲೋನಿನಲ್ಲೂ ಇದೆ, ಬರ್ಮಾ ದಾಟಿ ಜಪಾನಿನವರೆಗೂ ಇದೆ ಎಂದು ಎಷ್ಟೋ ವರ್ಷಗಳ ಮೇಲೆ ಓದಿದೆ. ಆದರೆ ಕೆಂಪನೆಯದು ತನ್ನ ಕಡ್ಡಿ ಕಾಯುವ ಗಂಡು, ಊರು ಬಿಟ್ಟು ಹೋಗುವಂಥದಲ್ಲ. ಅದು ಸತ್ತರೆ ಆ ಜಾಗವನ್ನು ಇನ್ನೊಂದು ಗಂಡು ಹಿಡಿಯುತ್ತದೆ. ಆಗ ನನಗದು ತಿಳಿದಿರಲಿಲ್ಲ.

ಕೆಲವು ದಿನಗಳಲ್ಲಿ ಹಾಗೆಯೇ ಇನ್ನೊಂದು ಬಂತು. ತಂಗಿ ಓಡಿ ಬಂದು ನನ್ನ ಅಂಗಿ ಹಿಡಿದೆಳೆದಳು.

"ಸಿಲೋನಿಂದ ಬಂದ್ಬಿಡ್ತು ಕಣೋ! ನೀನ್ ಹೇಳಿದ್ದು ನಿಜ!"

ಹೇಳಿಬಿಡಲು ಅದೊಂದು ಗಳಿಗೆ ಇತ್ತು. ಹೇಳಲಿಲ್ಲ, ಇಂದಿಗೂ ಹೇಳಿಲ್ಲ. ಅವಳು ಮಡಿಲಲ್ಲಿದ್ದ ಕಡ್ಲೆಪುರಿಯನ್ನೆಲ್ಲ ನನ್ನ ಬೊಗಸೆಗೆ ಸುರಿದಳು.

"ಆ ಹುಡುಗ್ರು ಹಿಡಿಯಕ್ ಬಂದ್ರೆ ನೀನೇ ಓಡಿಸ್ಬೇಕು, ಆಯ್ತಾ?"

"ಆಯ್ತು" ಎಂದೆ. ಅಲ್ಲೇ ನಿಂತು, ಅವಳು ನೋಡುತ್ತಿರುವಾಗಲೇ, ಪೂರ್ತಿ ತಿಂದೆ.